ಇಪ್ಪೊನ್ ಸಿಯೊಯಿ: ಬಲ ಹಾಕಿದಷ್ಟೂ ಎದುರಾಳಿ ಭಾರ ಆಗ್ತಾನೆ, ಜೊತೆಗೆ ಸೊಂಟ ಹಿಡೀತಿದೆ

ಕಿತ್ತಳೆ ಬೆಲ್ಟ್:

ಜೂಡೊ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಪ್ರಶ್ನೆ ಬಲಗೈ ಇಪ್ಪೊನ್ ಸಿಯೊಯಿ ನಾಗೆ ಬಗ್ಗೆ. ಅದೇ, ಎದುರಾಳಿಯ ಬಲ ಕಂಕುಳಿಗೆ ನಮ್ಮ ಬಲಗೈ ಸಿಕ್ಕಿಸಿ ಭುಜದ ಮೇಲಿಂದ ಎಸೆಯೋದು.

ನನ್ನ ತೂಕ 82, ಡೆಡ್‌ಲಿಫ್ಟ್ 150 ಕೆ.ಜಿ. ಆಗುತ್ತೆ. ಉಚಿಕೋಮಿಯಲ್ಲಿ (ಎಸೆಯದೆ ಪಟ್ಟಿನ ಪ್ರವೇಶವನ್ನೇ ಮತ್ತೆ ಮತ್ತೆ ಮಾಡೋ ಅಭ್ಯಾಸ) ಎಲ್ಲ ಸಲೀಸು. ರಾಂದೋರಿ (ಇಬ್ಬರೂ ಬಿಡುವಾಗಿ ಸೆಣಸೋ ಅಭ್ಯಾಸ) ಶುರುವಾದ್ರೆ 68 ಕೆ.ಜಿ.ಯವರೂ ಮೇಲೇಳಲ್ಲ. ವಿಡಿಯೊದಲ್ಲಿ ಕಾಣೋದು ಇಷ್ಟು: ತಿರುಗಿ ಒಳಗೆ ಹೋಗ್ತೀನಿ, ಬೆನ್ನಿಗೂ ಅವರ ಎದೆಗೂ ನಡುವೆ ಸಂದು ಉಳಿಯುತ್ತೆ. ನನ್ನ ಪಾದಗಳು ಅವರ ಪಾದಗಳಿಗಿಂತ ಅಗಲ. ತೋಳು ಹಿಡಿದ ಎಡಗೈ ನನ್ನ ಎದೆ ಹತ್ತಿರವೇ ನಿಂತುಬಿಡುತ್ತೆ. ಅಲ್ಲಿಂದ ಬಗ್ಗಿ ಎತ್ತೋಕೆ ಹೋದ್ರೆ ಒಂದೋ ಅವರು ನನ್ನ ಬಲಗಡೆಯಿಂದ ಸುತ್ತಿ ಆಚೆ ಬರ್ತಾರೆ, ಇಲ್ಲಾ ಹಿಂದಕ್ಕೆ ಎಳೆದು ಕೆಡವುತ್ತಾರೆ. ಮಾರನೇ ದಿನ ಸೊಂಟದ ಬಲಭಾಗ ಹಿಡ್ಕೊಂಡಿರುತ್ತೆ.

ಇದೇ ಕ್ಲಾಸಿನ 60 ಕೆ.ಜಿ. ಹುಡುಗಿಯೊಬ್ಬಳು ಅದೇ ಜನರನ್ನ ಅದೇ ಪಟ್ಟಿನಲ್ಲಿ ಎಸೀತಾಳೆ. ಹಾಗಾದ್ರೆ ನಾನು ಜಿಮ್‌ನಲ್ಲಿ ಇನ್ನೇನು ಸೇರಿಸಬೇಕು? ಉಚಿಕೋಮಿ ದಿನಕ್ಕೆ ಎಷ್ಟು ಹಾಕಬೇಕು?

ತತಾಮಿ ತಾತ:

ಜಿಮ್ ಮಾತು ಆಮೇಲೆ. ನೀವೇ ಬರೆದಿರೋದರಲ್ಲಿ ಮೂರು ತಪ್ಪು ಕಾಣುತ್ತಿವೆ: ಸಂದು, ಅಗಲ ಪಾದ, ಎದೆಯಲ್ಲೇ ನಿಂತ ಎಡಗೈ. ಮೂರಕ್ಕೂ ಬೇರು ಒಂದೇ. ಉಕೆ, ಅಂದರೆ ಎಸೆಯಿಸಿಕೊಳ್ಳುವವನು, ತನ್ನ ಕಾಲ ಮೇಲೆ ಗಟ್ಟಿಯಾಗಿ ನಿಂತಿರುವಾಗಲೇ ನೀವು ತಿರುಗುತ್ತಿದ್ದೀರಿ. ನಿಂತ ಮನುಷ್ಯನನ್ನು ಎತ್ತಬೇಕು, ಬೀಳುತ್ತಿರುವವನಿಗೆ ದಾರಿ ಬಿಟ್ಟರೆ ಸಾಕು.

1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸಿ ಕೋಡೋಕಾನ್ ಎಂಬ ಜೂಡೊ ಶಾಲೆ ಶುರು ಮಾಡಿದ ಕಾನೊ ಜಿಗೊರೊ ಎಸೆತವನ್ನು ಮೂರು ಭಾಗ ಮಾಡಿ ಕಲಿಸಿದರು. ಕುಜುಶಿ ಅಂದರೆ ಸಮತೋಲ ಕೆಡಿಸುವುದು, ತ್ಸುಕುರಿ ಅಂದರೆ ನಮ್ಮ ಮೈಯನ್ನು ಜಾಗಕ್ಕೆ ಕೂರಿಸುವುದು, ಕಾಕೆ ಅಂದರೆ ಎಸೆತ. ನೀವು ಮೊದಲನೆಯದನ್ನು ಹಾರಿಸಿ, ಅದರ ಸಾಲವನ್ನು ಮೂರನೆಯದರಲ್ಲಿ ಸೊಂಟದಿಂದ ತೀರಿಸುತ್ತಿದ್ದೀರಿ.

ಒಂದು ಸಣ್ಣ ಲೆಕ್ಕ ಮಾಡಿ. 70 ಕೆ.ಜಿ.ಯ ಒಬ್ಬರು ನೆಟ್ಟಗೆ ನಿಂತಾಗ ಅವರ ಭಾರದ ಗೆರೆ ಪಾದದ ಹರಡಿನಿಂದ (ಕಾಲಿನ ಗಂಟಿನಿಂದ) ಸ್ವಲ್ಪ ಮುಂದೆ ಬೀಳುತ್ತದೆ. ಅಲ್ಲಿಂದ ಬೆರಳ ತುದಿಗೆ ಸುಮಾರು 12 ಸೆಂ.ಮೀ. ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಭುಜದ ಮಟ್ಟದಲ್ಲಿ, ಅಡ್ಡಕ್ಕೆ ಎಳೆದರೆ ಬೆರಳ ಮೇಲೆ ಓಲಲು ಬೇಕಾಗುವ ಬಲ 70 × 12 ÷ 130, ಅಂದರೆ ಆರೂವರೆ ಕೆ.ಜಿ. ಅಷ್ಟೇ, ಒಂದು ದೊಡ್ಡ ಕಲ್ಲಂಗಡಿ ಹಣ್ಣಿನ ತೂಕ. ಇದು ಅವರು ಅಲುಗದೆ ನಿಂತರೆ ಮಾತ್ರ. ಎಳೆದ ತಕ್ಷಣ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಆ ಹೆಜ್ಜೆ ಇಡಬೇಕಾದ ಜಾಗದಲ್ಲಿ ಅಷ್ಟರೊಳಗೆ ನಿಮ್ಮ ಮೈ ಇರಬೇಕು. ಸಿಯೊಯಿ ಕೆಲಸ ಮಾಡೋದು ಹೀಗೆ.

ಈಗ ಕೈ. ಎಡಗೈ ಅವರ ಬಲತೋಳಿನ ಬಟ್ಟೆಯನ್ನು ಮೊಣಕೈ ಹತ್ತಿರ, ಹೊರಮಗ್ಗುಲಲ್ಲಿ ಹಿಡಿಯಲಿ. ಬಿಗಿ ಇರಬೇಕಾದ್ದು ಕಿರುಬೆರಳು, ಉಂಗುರದ ಬೆರಳುಗಳಲ್ಲಿ. ತೋರುಬೆರಳು ಸಡಿಲ. ಐದೂ ಬೆರಳು ಕಚ್ಚಿ ಹಿಡಿದರೆ ಎರಡು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಮಣಿಕಟ್ಟು ತಿರುಗುವುದೂ ಇಲ್ಲ. ಎಳೆತ ಮುಂದಕ್ಕೆ ಮತ್ತು ಮೇಲಕ್ಕೆ, ವಾಚಿನಲ್ಲಿ ಟೈಮ್ ನೋಡುವಾಗ ಮಣಿಕಟ್ಟು ತಿರುಗುತ್ತದಲ್ಲ, ಹಾಗೆ. ಕಿರುಬೆರಳು ಆಕಾಶದ ಕಡೆ, ನಿಮ್ಮ ಮೊಣಕೈ ಭುಜದ ಮಟ್ಟಕ್ಕೆ. ಬಲವಿರುವವರು ಬಹುತೇಕ ಕೆಳಕ್ಕೆ ಎಳೆಯುತ್ತಾರೆ. ಆಗ ತೋಳು ಮಾತ್ರ ಬರುತ್ತದೆ, ಮೈ ಬರುವುದಿಲ್ಲ. ಉಕೆ ಸೊಂಟ ಇಳಿಸಿ ಕುಕ್ಕರುಗಾಲಲ್ಲಿ ಕೂತ ಹಾಗೆ ನಿಂತುಬಿಡುತ್ತಾನೆ. ‘ಭಾರ ಆಗ್ತಾನೆ’ ಅಂತ ನೀವು ಹೇಳುತ್ತಿರುವುದು ಇದನ್ನೇ.

ಬಲಗೈ ಕಂಕುಳಿಗೆ ಹೋಗುವುದು ಎಳೆತ ತಗುಲಿದ ಮೇಲೆ. ನಿಮ್ಮ ಮೊಣಕೈಯ ಒಳಮಡಿಕೆಯಲ್ಲಿ ಅವರ ಮೇಲ್ತೋಳು ಆಳವಾಗಿ ಕೂರಬೇಕು. ಬರೀ ಮುಂಗೈ ಸಿಕ್ಕಿಸಿದರೆ ಅವರು ಬಲಗಡೆಯಿಂದ ಸುತ್ತಿ ಬರೋದು ಖಂಡಿತ.

ಪಾದ. ಬಲಪಾದ ಮೊದಲು, ಅವರ ಬಲಪಾದದ ಬೆರಳಿನ ಮುಂದೆ, ಒಂಚೂರು ಒಳಗೆ. ಆ ಪಾದದ ಉಂಗುಷ್ಠದ ಬುಡದ ಮೇಲೆ ತಿರುಗಿ ಎಡಪಾದ ಹಿಂದಿನಿಂದ ಬಂದು ಅವರ ಎಡಪಾದದ ಮುಂದೆ. ಕೊನೆಗೆ ನಿಮ್ಮ ಎರಡೂ ಪಾದ ಅವರ ಪಾದಗಳ ಅಗಲಕ್ಕಿಂತ ಒಳಗೆ, ಬೆರಳು ಅವರು ನೋಡುತ್ತಿರುವ ದಿಕ್ಕಿಗೇ. ಹಿಮ್ಮಡಿಗೂ ಅವರ ಬೆರಳಿಗೂ ಒಂದು ಮುಷ್ಟಿಯಷ್ಟು ಜಾಗ ಬಿಡಿ. ಅವರ ಕಾಲುಗಳ ನಡುವೆ ಆಳಕ್ಕೆ ನುಗ್ಗಿದರೆ ನಿಮ್ಮ ಭಾರ ಹಿಮ್ಮಡಿಗೆ ಬರುತ್ತದೆ, ಅಲ್ಲಿಂದ ಅವರು ಹಿಂದಕ್ಕೆ ಎಳೆಯುವುದು ಮಕ್ಕಳಾಟ. ಪಾದ ಅಗಲವಾದರೆ ಸೊಂಟ ಇಳಿಯುವುದಿಲ್ಲ, ಮಂಡಿ ಒಳಕ್ಕೆ ಬಾಗುತ್ತದೆ. ಎಡಪಾದ ಪೂರ್ತಿ ಸುತ್ತಿ ಬಾರದಿದ್ದರೂ ಅವರಿಗೆ ಬಲಗಡೆ ಬಾಗಿಲು ತೆರೆದಂತೆ.

ನಿಮ್ಮ ಬೆಲ್ಟಿನ ಗಂಟು ಅವರ ಬೆಲ್ಟಿನ ಗಂಟಿಗಿಂತ ಒಂದು ಗೇಣು ಕೆಳಗಿರಲಿ. ಮಂಡಿ ಮಡಿಸಿ ಇಳಿಯಬೇಕು, ಸೊಂಟ ಬಗ್ಗಿಸಿ ಅಲ್ಲ. ಬೆನ್ನು ನೆಟ್ಟಗೆ, ಅವರ ಎದೆಗೆ ಅಂಟಿರಬೇಕು, ನಡುವೆ ಪೇಪರ್ ಇಟ್ಟರೂ ಬೀಳಬಾರದು. ಆಮೇಲೆ ಮಂಡಿ ನೆಟ್ಟಗಾಗುತ್ತದೆ, ಮುಖ ಎಡಕ್ಕೆ ತಿರುಗುತ್ತದೆ, ಎಡಗೈ ಎಡ ಜೇಬಿನ ಕಡೆ ಹೋಗುತ್ತದೆ. (ಜೂಡೊ ಪ್ಯಾಂಟಿಗೆ ಜೇಬಿಲ್ಲ. ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ.) ಬಗ್ಗುವುದು ಇದೆಲ್ಲದರ ಕೊನೆಯಲ್ಲಿ ತಾನಾಗಿ ಆಗುವ ಕೆಲಸ. ಉಕೆ ನೆಲ ಮುಟ್ಟುವವರೆಗೂ ಆ ಎಡಗೈ ಬಿಡಬೇಡಿ. ಬಿಟ್ಟರೆ ಅವರು ಭುಜದ ಮೇಲೆ ಬೀಳುತ್ತಾರೆ, ಕಾಲರ್ ಎಲುಬು ಮುರಿಯುವುದು ಹಾಗೇ.

ಅಂದಹಾಗೆ ನಿಯಮ ಕೂಡ ಎತ್ತುವವರ ಪರ ಇಲ್ಲ. ಇಪ್ಪೊನ್, ಅಂದರೆ ಪಂದ್ಯ ಅಲ್ಲೇ ಗೆಲ್ಲಿಸುವ ಪೂರ್ಣ ಅಂಕ, ಸಿಗಬೇಕಾದರೆ ಬೆನ್ನ ಮೇಲೆ ಬೀಳಿಸುವುದರ ಜೊತೆಗೆ ವೇಗ, ರಭಸ, ಕೊನೆಯವರೆಗೆ ಹಿಡಿತ ಎಲ್ಲವೂ ಬೇಕು. ಮುಕ್ಕಿ ಎತ್ತಿ ನಿಧಾನಕ್ಕೆ ಹೊರಳಿಸಿದರೆ ಅದಕ್ಕಿಂತ ಕೆಳಗಿನ ಅಂಕವಾದ ವಜಾ-ಆರಿ ಸಿಕ್ಕರೆ ಪುಣ್ಯ.

ಕೆಮ್ಮಣ್ಣು:

ತಾತಾರು ಹೇಳಿದ್ದು ಖರೇ ಐತ್ರಿ. ಗರಡಿ ಕಡಿಂದ ಒಂದ್ ಮಾತ್ ಸೇರಸ್ತೀನಿ. ನಮ್ಮ ಮಣ್ಣಿನ ಕುಸ್ತ್ಯಾಗ ಇದರ ಅಣ್ಣ ಅದಾನ, ಧೋಬಿ ಪಛಾಡ್. ಅಗಸರು ಬಟ್ಟಿ ಎತ್ತಿ ಕಲ್ಲಿಗೆ ಒಗೀತಾರಲ್ಲ, ಹಂಗ. ಆದ್ರ ಇಲ್ಲಿ ಎಳಿಯಾಕ ಅಂಗಿ ಇಲ್ಲ, ಲಂಗೋಟಿ ಮ್ಯಾಲ ಬೆವತ ಮೈ. ಮೈಗೆ ಮಣ್ಣ ಒರಸಿಕೊಂಡ್ರೂ ತೋಳು ಜಾರತೈತಿ. ಅದಕ ಮೊಣಕೈ ಮ್ಯಾಲಿನ ತೋಳನ್ನ ಎರಡೂ ಕೈಯಿಂದ ಎದಿಗೆ ಅವುಚಿಕೊಂಡು ತಿರಗಬೇಕು. ಮುಂಗೈ ಹಿಡದ್ರ ಜಾರಿ ಹೋತು.

ಅಂಗಿ ಇಲ್ದ ಸಮತೋಲ ಹೆಂಗ ಕೆಡಸ್ತಾರ? ಕುತ್ತಿಗಿ ಮ್ಯಾಲ ಕೈ ಹಾಕಿ ಕೆಳಗ ಒತ್ತತಾರ. ಎದುರಿನಾಂವ ತಲಿ ಎತ್ತಾಕ ಜಗ್ತಾನ. ಅಂವ ಮ್ಯಾಲೆ ಏಳೂ ಆ ಗಳಿಗ್ಯಾಗ ಒತ್ತೋ ಕೈ ಬಿಟ್ಟು ಒಳಗ ಹೊಕ್ರ, ಅಂವನ ಜೋರು ಅಂವನ್ನ ಎತ್ತತೈತಿ. ಒತ್ತೂದು ಅಂದ್ರ ಬೀಳಸಾಕಲ್ಲ, ಉತ್ರ ಕೇಳಾಕ. ಪೂರಾ ಜೋರ್ ಹಾಕಿ ಒತ್ತಿದ್ರ ಅಂವ ಏಳೂದ ಇಲ್ಲ, ನಿಮಗ ಬೇಕಾದ್ದು ಸಿಗೂದಿಲ್ಲ.

ಕಿತ್ತಳೆ ಬೆಲ್ಟ್ ಸಾಹೇಬ್ರ, ನೀವು ಅಂಗಿ ಬಿಚ್ಚಿ, ಬನಿಯನ್ ಮ್ಯಾಲ ವಾರಕ್ಕ ಒಂದ್ ಸಲ ಈ ಪಟ್ಟು ಹಾಕಿ ನೋಡ್ರಿ. ಬೆನ್ನಿಗೂ ಎದಿಗೂ ಸಂದ್ ಬಿಟ್ರ ಏನಾಕ್ಕತಿ ಅಂತ ತಾನ ತಿಳೀತೈತಿ. ಬಟ್ಟಿ ಇದ್ದಾಗ ಜಗ್ಗಿ ತಪ್ಪು ಮುಚ್ಚಿಕೋಬಹುದು.

ಇನ್ನೊಂದು. ಬೆಳಗಾವಿ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ದಾಗ ಕುರಾಶ್‌ನ್ಯಾಗ (ಮಧ್ಯ ಏಷ್ಯಾದ ಕುಸ್ತಿ) 52 ಕೆ.ಜಿ. ಕಂಚು ತಂದ್ರಲ್ಲ, ಅವರೂ ಜೂಡೊದಿಂದ ಬಂದಾವ್ರ. ಕುರಾಶ್‌ದಾಗ ನೆಲದ ಹಿಡಿತ ಇಲ್ಲ, ನಿಂತ ಎಸೀಬೇಕು. ನಿಂತಲ್ಲೇ ಎಸಿಯೂದು ಕಲೀಬೇಕಂದ್ರ ಅದರ ವಿಡಿಯೊನೂ ನೋಡ್ರಿ, ಸಮತೋಲ ಕೆಡಸೂದು ಬಿಟ್ರ ಅಲ್ಲಿ ಬ್ಯಾರೆ ದಾರಿನ ಇಲ್ಲ.

ಕಡಲತಡಿ:

ಎಲ್ಲರೂ ಸೇರಿ ಬಲವೇ ಬೇಡ ಎಂಬ ಹಾಗೆ ಮಾಡಬೇಡಿ ಮಾರಾಯ್ರೆ. ಬೇಡದಿದ್ದರೆ ಪುರುಷರಲ್ಲಿ 60ರಿಂದ 100ರ ಮೇಲಿನವರೆಗೆ ಏಳು ತೂಕದ ವಿಭಾಗ ಎಂತಕ್ಕೆ? ಸಿಯೊಯಿಗೇ ಹೆಸರಾದ ಕೋಗಾ ತೋಶಿಹಿಕೊ 1990ರಲ್ಲಿ ತೂಕದ ಮಿತಿಯೇ ಇಲ್ಲದ ಅಖಿಲ ಜಪಾನ್ ಸ್ಪರ್ಧೆಯಲ್ಲಿ ತನಗಿಂತ ಎಷ್ಟೋ ದೊಡ್ಡವರನ್ನು ದಾಟಿ ಫೈನಲಿಗೆ ಹೋದರು. ಫೈನಲಿನಲ್ಲಿ ದೈತ್ಯ ಒಗಾವಾ ಎದುರು ಸೋತರು. ಎರಡು ವರ್ಷದ ನಂತರ ಬಾರ್ಸಿಲೋನಾದಲ್ಲಿ, ಗಾಯಗೊಂಡ ಮಂಡಿ ಇಟ್ಟುಕೊಂಡೇ, 71 ಕೆ.ಜಿ.ಯಲ್ಲಿ ಚಿನ್ನ. ಕರಾರುವಾಕ್ಕು ಎಲ್ಲಿವರೆಗೆ ಕೊಂಡುಹೋಗ್ತದೆ, ಎಲ್ಲಿ ತೂಕ ತಡೀತದೆ ಅನ್ನುವುದು ಎರಡೂ ಅದರಲ್ಲೇ ಉಂಟು.

ಈಗ ಸೊಂಟದ ವಿಷಯ. 150 ಕೆ.ಜಿ. ಡೆಡ್‌ಲಿಫ್ಟ್ ಇಲ್ಲಿ ಯಾಕೆ ಉಪಯೋಗಕ್ಕೆ ಬರುವುದಿಲ್ಲ ಗೊತ್ತುಂಟಾ? ಡೆಡ್‌ಲಿಫ್ಟಿನಲ್ಲಿ ಬಾರ್ ಮೊಣಕಾಲಿಗೆ ಒರೆಸಿಕೊಂಡೇ ಬರ್ತದೆ, ಎರಡೂ ಕಡೆ ಸಮ, ತಿರುವು ಇಲ್ಲ. ನೀವು ಬಗ್ಗಿ ಎತ್ತುವಾಗ ಭಾರ ಭುಜದ ಮೇಲೆ, ಸೊಂಟದ ಕೆಳಮಣಿಗಳಿಂದ ಸುಮಾರು 35 ಸೆಂ.ಮೀ. ಮುಂದೆ. ಬೆನ್ನಿನ ಸ್ನಾಯು ಎಳೆಯುವುದು ಮಣಿಗಳಿಂದ ಬರೀ 5 ಸೆಂ.ಮೀ. ಹಿಂದಿನಿಂದ. 68 ಕೆ.ಜಿ.ಯ ಅರ್ಧ ಮಾತ್ರ ನಿಮ್ಮ ಮೇಲೆ ಬಿದ್ದರೂ ಆ ಸ್ನಾಯು ಹಾಕಬೇಕಾದ್ದು ಅದರ ಏಳು ಪಟ್ಟು, 34 × 7, ಹತ್ತಿರ ಹತ್ತಿರ 240 ಕೆ.ಜಿ. ಅದರ ಮೇಲೆ ಎಡಕ್ಕೆ ತಿರುವು ಬೇರೆ. ಬಗ್ಗುವುದು, ತಿರುಗುವುದು, ಭಾರ, ಈ ಮೂರು ಒಟ್ಟಿಗೆ ಬಂದರೆ ಡಿಸ್ಕಿಗೆ ಒಳ್ಳೆಯದಲ್ಲ. ಸೊಂಟ ಅವರ ಬೆಲ್ಟಿನ ಕೆಳಗೆ ಹೋದರೆ ಆ 35 ಹತ್ತಕ್ಕೆ ಇಳೀತದೆ, ಅಷ್ಟೇ ಗುಟ್ಟು.

ಹಾಗಾಗಿ ಡೆಡ್‌ಲಿಫ್ಟ್ ಏರಿಸುವುದು ಬೇಡ. ಇರುವುದನ್ನೇ ಉಳಿಸಿಕೊಳ್ಳಿ. ಬದಲಿಗೆ ಎದೆ ಮುಂದೆ ತೂಕ ಹಿಡಿದು ಆಳದ ಸ್ಕ್ವಾಟ್, 20 ಕೆ.ಜಿ. ಸಾಕು, 5 ಸುತ್ತು, ಒಂದೊಂದರಲ್ಲಿ 5, ಕೆಳಗೆ ಎರಡು ಸೆಕೆಂಡ್ ನಿಲ್ಲಿ, ಹಿಮ್ಮಡಿ ಏಳಬಾರದು. ಎದ್ದರೆ ನಿಮ್ಮ ಹರಡು ಗಟ್ಟಿ, ಹಾಗಾಗಿಯೇ ಸಿಯೊಯಿಯಲ್ಲಿ ಮಂಡಿ ಮಡಿಸದೆ ಬಗ್ಗುತ್ತಿದ್ದೀರಿ ಅಂತ ಲೆಕ್ಕ. ಎಳೆತಕ್ಕೆ, ಬಾರಿಗೆ ಹಳೆ ಗಿ (ಜೂಡೊ ಅಂಗಿ) ಹಾಕಿ ಅದನ್ನೇ ಹಿಡಿದು ಪುಲ್‌ಅಪ್.

ನೋವು ಸೊಂಟದಲ್ಲೇ ಇದ್ದು ಎರಡು ಮೂರು ದಿನದಲ್ಲಿ ಇಳಿದರೆ ಎಸೆತ ಬಿಟ್ಟು ಉಳಿದ ಅಭ್ಯಾಸ ಮಾಡಬಹುದು. ಕಾಲಿಗೆ ಇಳಿದು ಮೊಣಕಾಲು ದಾಟಿದರೆ, ಜೋಮು ಹಿಡಿದರೆ, ಪಾದ ಎತ್ತಲು ಕಷ್ಟ ಆದರೆ ತತಾಮಿ (ಜೂಡೊ ಚಾಪೆ) ಮೇಲೆ ಕಾಲಿಡಬೇಡಿ, ಡಾಕ್ಟರ ಹತ್ತಿರ ಹೋಗಿ.

ಕಿತ್ತಳೆ ಬೆಲ್ಟ್:

ಎಲ್ಲರಿಗೂ ಥ್ಯಾಂಕ್ಸ್. ನೋವು ಕಾಲಿಗೆ ಇಳಿದಿಲ್ಲ. ಸ್ಕ್ವಾಟ್‌ನಲ್ಲಿ ಹಿಮ್ಮಡಿ ಏಳುತ್ತೆ, ಈಗಲೇ ನೋಡಿದೆ.

ತಾತ, ಎರಡು ಸಂದೇಹ. ಉಚಿಕೋಮಿ ಸಂಖ್ಯೆ ಹೇಳಲಿಲ್ಲ. ಮನೇಲಿ ಕಿಟಕಿ ಸರಳಿಗೆ ಸೈಕಲ್ ಟ್ಯೂಬ್ ಕಟ್ಟಿ ದಿನಾ 200 ಹಾಕ್ತಿದೀನಿ. ಎರಡನೇದು, ರಾಂದೋರಿಯಲ್ಲಿ ಎಲ್ಲರೂ ಕೈ ನೆಟ್ಟಗೆ ಚಾಚಿ ಕಂಬದ ಥರ ತಳ್ಳಿ ನಿಲ್ತಾರೆ. ಆ ಕೈ ದಾಟಿ ಒಳಗೆ ಹೋಗೋಕೇ ಬಲ ಬೇಕಲ್ವಾ?

ತತಾಮಿ ತಾತ:

ಟ್ಯೂಬು ಮೊದಲು ಬಿಚ್ಚಿ. ಕೆಟ್ಟದ್ದು ಅಂತ ಅಲ್ಲ, ನಿಮ್ಮ ತಪ್ಪಿಗೆ ಅದು ಗೊಬ್ಬರ. ಟ್ಯೂಬು ಶುರುವಿನಲ್ಲಿ ಸಡಿಲ, ಕೊನೆಯಲ್ಲಿ ಬಿಗಿ. ಮನುಷ್ಯ ಅದಕ್ಕೆ ಪೂರಾ ತಿರುಗುಮುರುಗು: ಮೊದಲ ಒಂದು ಗೇಣು ಬಿಗಿ, ಸಮತೋಲ ತಪ್ಪಿದ ಮೇಲೆ ಹಗುರ. ಟ್ಯೂಬಿನ ಜೊತೆ 200 ಹಾಕಿದರೆ ಮೊದಲ ಎಳೆತವನ್ನು ಅಲಕ್ಷ್ಯ ಮಾಡಿ ಕೊನೆಯಲ್ಲಿ ಮುಕ್ಕುವುದನ್ನು 200 ಸಲ ಕಲಿತಂತೆ. ಆಮೇಲೆ ಕೈ ಎದೆಯಲ್ಲೇ ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತದೆ?

ಒಂದು ತಿಂಗಳು ಹೀಗೆ ಮಾಡಿ. ಜೊತೆಗಾರನೊಂದಿಗೆ 10ರ ಐದು ಸುತ್ತು, ಒಟ್ಟು 50. ಮೊದಲ ಸುತ್ತು ನಾಲ್ಕು ಎಣಿಕೆಗೆ: ಎಳೆತ, ಬಲಪಾದ, ಎಡಪಾದ, ಸೊಂಟ. ಒಂದೊಂದರಲ್ಲೂ ನಿಲ್ಲಿ. ಎಳೆತದ ಎಣಿಕೆಯಲ್ಲಿ ಉಕೆಯ ಹಿಮ್ಮಡಿ ನೋಡಿ: ಎದ್ದಿಲ್ಲವೆಂದರೆ ಎರಡನೇ ಎಣಿಕೆಗೆ ಹೋಗಬೇಡಿ, ಮತ್ತೆ ಎಳೆಯಿರಿ. ಉಳಿದ ಸುತ್ತುಗಳಲ್ಲಿ ಪ್ರತಿ ಐದನೆಯದನ್ನು ಪೂರಾ ಎಸೆಯಿರಿ, ದಪ್ಪ ಮ್ಯಾಟ್ ಇದ್ದರೆ ಅದರ ಮೇಲೆ. ಮೊಣಕೈ ಇಳಿಯಲು ಶುರುವಾದ ಕ್ಷಣ ಸುತ್ತು ನಿಲ್ಲಿಸಿ, ಏಳೇ ಆಗಿದ್ದರೂ ಸರಿ. ದಣಿದ ಮೇಲೆ ಮಾಡುವುದು ದಣಿದವರ ಸಿಯೊಯಿಯನ್ನೇ ಕಲಿಸುತ್ತದೆ. ಎರಡನೇ ವಾರದಿಂದ ಉಕೆ ಮೂರು ಹೆಜ್ಜೆ ನಿಮ್ಮ ಕಡೆ ನಡೆದು ಬರಲಿ, ಮೂರನೆಯದಕ್ಕೆ ಒಳಗೆ ಹೋಗಿ.

ಇನ್ನು ಚಾಚಿದ ಕೈ. ಅದು ತಡೆ ಅಂತ ನೀವು ತಿಳಿದಿದ್ದೀರಿ. ಮಡಿಸಿದ ಕೈಯನ್ನು ಎಳೆದರೆ ಮೊಣಕೈ ಮಾತ್ರ ಬಿಚ್ಚಿಕೊಳ್ಳುತ್ತದೆ, ನೆಟ್ಟಗಿನ ಕೈಯನ್ನು ಎಳೆದರೆ ಭುಜವೇ ಬರುತ್ತದೆ. ಅವರಾಗಿಯೇ ಮರದ ಹಿಡಿ ಕೊಟ್ಟಂತೆ. ತಪ್ಪಾಗುವುದು ನೀವು ಆ ತಳ್ಳುವಿಕೆಗೆ ಎದುರು ತಳ್ಳಿದಾಗ. ಬಲಗಾಲು ಅರ್ಧ ಹೆಜ್ಜೆ ಹಿಂದಿಟ್ಟು ತಳ್ಳಲು ಬಿಡಿ. ಅವರು ತುಂಬಿಕೊಳ್ಳಲು ಬಲಗಾಲು ಮುಂದಿಡುತ್ತಾರೆ. ಆ ಕಾಲಿಗೆ ಭಾರ ಬರುವ ಹೊತ್ತಿಗೆ ನಿಮ್ಮ ಎಡಗೈ ಮೇಲೆದ್ದಿರಬೇಕು.

ಕೆಲವರು ಜಾಣರು, ಹೆಜ್ಜೆ ಇಡದೆ ಸೊಂಟ ಹಿಂದಕ್ಕಿಟ್ಟು ಬಾಗಿ ನಿಲ್ಲುತ್ತಾರೆ. ಅವರಿಗೆ ಕೊ-ಉಚಿ-ಗಾರಿ ಕೊಡಿ: ನಿಮ್ಮ ಬಲ ಅಂಗಾಲಿನಿಂದ ಅವರ ಬಲ ಹಿಮ್ಮಡಿಯನ್ನು ಒಳಗಿನಿಂದ, ಅವರ ಬೆರಳು ತೋರುವ ದಿಕ್ಕಿಗೇ ಗುಡಿಸಿ. ಬಿದ್ದರೆ ಸಂತೋಷ. ಸಾಮಾನ್ಯವಾಗಿ ಕಾಲು ಹಿಂದೆಗೆದು, ಸಾವರಿಸಿಕೊಳ್ಳಲು ಮೈ ಮುಂದಕ್ಕೆ ತರುತ್ತಾರೆ. ಗುಡಿಸಿದ ಅದೇ ಬಲಪಾದವನ್ನು ಅಲ್ಲೇ ಊರಿ ಸಿಯೊಯಿಗೆ ತಿರುಗಿ. ಮೇಲೆ ಕೆಮ್ಮಣ್ಣು ಅವರು ಹೇಳಿದ ಕುತ್ತಿಗೆ ಒತ್ತುವ ಕೆಲಸವನ್ನೇ ಇಲ್ಲಿ ಕಾಲು ಮಾಡುತ್ತಿದೆ.

ಕೆಮ್ಮಣ್ಣು:

ಅದಕ್ಕ ಹೊತ್ತಿನ ಅಂದಾಜು ಬೇಕಲ್ರಿ ತಾತಾರ. ಇವರಿಗೆ ಇನ್ನೂ ಕಣ್ಣು ಕಾಲಿನ ಮ್ಯಾಲ ಐತಿ ಅನಸ್ತೈತಿ.

ತತಾಮಿ ತಾತ:

ಸರಿಯಾದ ಮಾತು. ಅದಕ್ಕೆ ದೆ-ಆಶಿ-ಹರಾಯಿಗಿಂತ (ಮುಂದಿಡುತ್ತಿರುವ ಕಾಲನ್ನು ಗುಡಿಸುವ ಪಟ್ಟು) ಒಳ್ಳೆ ಮೇಷ್ಟ್ರಿಲ್ಲ. ರಾಂದೋರಿಗೆ ಮುಂಚೆ ಐದು ನಿಮಿಷ, ಇಬ್ಬರೂ ಬರೀ ಕಾಲು ಗುಡಿಸುವುದು, ತೋಳು ಹಿಡಿಯುವುದು ಎರಡೇ ಬೆರಳಲ್ಲಿ. ಅಂಗಾಲು ಒಳಮುಖವಾಗಿ ತಿರುಗಿರಲಿ, ಕಿರುಬೆರಳಿನ ಅಂಚು ಚಾಪೆ ಸವರಿಕೊಂಡು ಹೋಗಲಿ, ತಾಗುವುದು ಅವರ ಹರಡಿನ ಗುಬ್ಬಿಯ ಕೆಳಗೆ. ಪಾದ ಪೂರ್ತಿ ಊರಿದ ಮೇಲೆ ಹೊಡೆದರೆ ಕಂಬಕ್ಕೆ ಒದ್ದಂತೆ, ನಿಮ್ಮ ಅಂಗಾಲೇ ಊದಿಕೊಳ್ಳುತ್ತದೆ. ಗಾಳಿಯಲ್ಲಿದ್ದಾಗ ಹೊಡೆದರೆ ಅವರು ಇನ್ನೊಂದು ಕಾಲಲ್ಲಿ ಆರಾಮಾಗಿ ನಿಂತಿರುತ್ತಾರೆ. ಭಾರ ಇಳಿಯಲು ಶುರುವಾಗಿ, ಪೂರ್ತಿ ಇಳಿಯದ ನಡುವಿನ ಹೊತ್ತು, ಅದಕ್ಕೇ ಹೊಡೆಯಬೇಕು. ಕಣ್ಣು ಕಾಲು ನೋಡುತ್ತಿದ್ದರೆ ಆ ಹೊತ್ತು ದಾಟಿಹೋಗಿರುತ್ತದೆ. ನೋಟ ಅವರ ಎದೆಯ ಮೇಲಿರಲಿ. ಯಾವ ಕಾಲಿಗೆ ಭಾರ ಬರುತ್ತಿದೆ ಅನ್ನುವುದನ್ನು ನೀವು ಹಿಡಿದ ತೋಳಿನ ಬಟ್ಟೆಯೇ ಹೇಳುತ್ತದೆ, ಹಿಡಿತ ಸಡಿಲವಾಗಿದ್ದರೆ ಮಾತ್ರ.

ಕಡಲತಡಿ:

ಮತ್ತೆ ನಿಮ್ಮ ಜೊತೆ ಉಕೆ ಆಗುವವರಿಗೂ ಒಂದು ಮಾತು ಹೇಳಿಡಿ. ಸಿಯೊಯಿಯಲ್ಲಿ ಬೀಳುವಾಗ ನೆಲಕ್ಕೆ ಕೈ ಊರಬಾರದು, ಮಣಿಕಟ್ಟು ಮುರೀತದೆ. ಗಲ್ಲ ಎದೆಗೆ, ಎಡಗೈ ಮೈಯಿಂದ 45 ಡಿಗ್ರಿಯೊಳಗೆ ಇಟ್ಟು ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೇ ಚಾಪೆಗೆ ಬಡಿಯಬೇಕು. ನೀವು 82 ಕೆ.ಜಿ., ಎಸೆತ ಸರಿಯಾದ ದಿನ ಅವರು ಈವರೆಗೆ ಕಾಣದ ವೇಗದಲ್ಲಿ ಬೀಳುತ್ತಾರೆ.